ರಾತ್ರಿ ಎರಡೂವರೆಯ ನೀರು

ಮೂಡಿಗೆರೆ ತಾಲ್ಲೂಕಿನ ಜಾವಳಿಯಲ್ಲಿ ಹುಟ್ಟುವ ಹೇಮಾವತಿ, ಸಕಲೇಶಪುರವನ್ನು ಹಾದು ಬಂದು ಗೊರೂರಿನಲ್ಲಿ ಸುಮಾರು 37 ಟಿಎಂಸಿ ಸಾಮರ್ಥ್ಯದ ಜಲಾಶಯವನ್ನು ತುಂಬುತ್ತಾಳೆ. ಹಾಸನದ ನಲ್ಲಿಗಳಿಗೆ ಬರುವುದು ಅಲ್ಲಿನ ನೀರೇ. ಮಟ್ಟ 2,922 ಅಡಿ ಮುಟ್ಟಿ ಗೇಟು ತೆರೆದಾಗ ನಾವೂ ಮಕ್ಕಳನ್ನು ಕರೆದುಕೊಂಡು ನೋಡಲು ಹೋಗುತ್ತೇವೆ. ಮನೆಗೆ ಹಿಂದಿರುಗಿ ನಲ್ಲಿ ತಿರುಗಿಸಿದರೆ ಗಾಳಿಯ ಸದ್ದು ಮಾತ್ರ ಕೇಳಿಸುತ್ತದೆ.

ನಮ್ಮ ಬಡಾವಣೆ ಇರುವುದು ಊರಂಚಿನ ಏರಿನಲ್ಲಿ. ಕೆಳಗಿನ ಬೀದಿಗಳ ಸಂಪುಗಳು ತುಂಬುವವರೆಗೆ ನಮ್ಮ ಕಡೆ ನೀರು ಏರುವುದಿಲ್ಲ. ಜೊತೆಗೆ ಕೆಲವರು ಕೊಳವೆಗೇ ನೇರವಾಗಿ ಮೋಟಾರು ಹಾಕಿ ಎಳೆದುಕೊಳ್ಳುವುದರಿಂದ, ವಾಲ್ವ್ ತೆರೆದು ಗಂಟೆ ಕಳೆದರೂ ನಮಗೆ ಸಿಗುವುದು ಕಿರುಬೆರಳ ಗಾತ್ರದ ಧಾರೆ. (ಮೋಟಾರಿನವರಲ್ಲಿ ನನ್ನ ಸ್ನೇಹಿತರೂ ಇದ್ದಾರೆ, ಹೇಳಿ ಸೋತಿದ್ದೇನೆ.)

ಕಳೆದ ವಾರ ನೀರು ಬಂದದ್ದು ರಾತ್ರಿ ಎರಡೂವರೆಗೆ. ಮೊದಲ ಎರಡು ಕೊಡ ಕೆಮ್ಮಣ್ಣಿನ ಬಣ್ಣದ್ದಾಗಿತ್ತು. ಅದನ್ನು ತೆಂಗಿನ ಬುಡಕ್ಕೆ ಸುರಿದು, ಮುಂದಿನ ಕೊಡದ ಬಾಯಿಗೆ ಹಳೆಯ ಪಂಚೆಯ ತುಂಡು ಕಟ್ಟಿ ಹಿಡಿದೆವು. ಪಕ್ಕದ ಮನೆಯ ಅಜ್ಜಿ ಕಿಟಕಿಯಿಂದಲೇ, "ನೀರು ಬಂತೇನಪ್ಪಾ?" ಎಂದು ಕೇಳಿದರು.

ದಿನ ಬಿಟ್ಟು ದಿನ ಬಂದರೂ ಚಿಂತೆಯಿಲ್ಲ. ಬಿಡುವ ಹೊತ್ತನ್ನು ಹಿಂದಿನ ದಿನವೇ ತಿಳಿಸಿದರೆ, ಅಲಾರಂ ಇಟ್ಟುಕೊಂಡು ಮಲಗುವುದು ತಪ್ಪುತ್ತದೆ.