ಸ್ಕಾಟ್ಲೆಂಡಿನ ಗುಡ್ಡದಲ್ಲಿ ನಮ್ಮೂರ ಕೋಡಿ

ಫೆಶಿ ಹೊಳೆಯಲ್ಲಿ ಮೊಣಕಾಲುದ್ದ ನೀರಿಗೆ ಇಳಿದು ನೂರು ಕಲ್ಲು ಎಣಿಸಿದ ದಿನ ನನಗೆ ಈ ಓದು ನಿಜವಾಗಿ ಹಿಡಿಸಿತು. ಅದಕ್ಕೂ ಮುಂಚೆ ಒಂದು ತಿಂಗಳು ಕ್ಲಾಸಿನಲ್ಲಿ ಕೂತು ಬರೆದುಕೊಂಡಿದ್ದೆ, ಅಷ್ಟೇ.

ನಾನು ಗ್ಲ್ಯಾಸ್ಗೋಗೆ ಬಂದಿದ್ದು ಜಿಯೊಮಾರ್ಫಾಲಜಿ ಓದಲಿಕ್ಕೆ. ಕನ್ನಡದಲ್ಲಿ ಭೂರೂಪ ವಿಜ್ಞಾನ ಅನ್ನುತ್ತಾರೆ. ಸಾಗರದ ಕಡೆ ನಮ್ಮೂರಲ್ಲಿ ಯಾರಾದರೂ ಕೇಳಿದರೆ ನಾನು ಹೇಳುವುದು ಇಷ್ಟು: ಗುಡ್ಡ, ಹೊಳೆ, ಕಣಿವೆ ಈ ಆಕಾರಕ್ಕೆ ಹೇಗೆ ಬಂದವು, ಈಗಲೂ ಹೇಗೆ ಬದಲಾಗುತ್ತಿವೆ ಅಂತ ನೋಡುವ ಓದು.

ಫೆಶಿ ಇರುವುದು ಕೇರ್ನ್‌ಗಾರ್ಮ್ ಬೆಟ್ಟಗಳಲ್ಲಿ. ಮುಂದೆ ಸ್ಪೇ ನದಿಗೆ ಸೇರುತ್ತದೆ. ನಮ್ಮ ಹೊಳೆಗಳ ಹಾಗೆ ಎರಡು ದಡದ ನಡುವೆ ಒಂದೇ ಆಗಿ ಹರಿಯುವುದಿಲ್ಲ. ಜಡೆಯ ಎಳೆಗಳ ಹಾಗೆ ಕವಲಾಗಿ, ಮತ್ತೆ ಕೂಡಿ, ಮತ್ತೆ ಕವಲಾಗಿ ಹೋಗುತ್ತದೆ. ನಡುವೆಲ್ಲ ಕಲ್ಲಿನ ದಿಬ್ಬ. ಒಂದು ದೊಡ್ಡ ನೆರೆ ಬಂದರೆ ಸಾಕು, ಕವಲುಗಳು ಜಾಗ ಬದಲಿಸುತ್ತವೆ.

ಅಲ್ಲಿ ನಮಗೆ ಕೊಟ್ಟ ಕೆಲಸ ಕೇಳಲಿಕ್ಕೆ ಸುಲಭ. ಒಂದು ಹೆಜ್ಜೆ ಇಡಬೇಕು. ಕೆಳಗೆ ನೋಡದೆ ಬಗ್ಗಿ, ಬೂಟಿನ ತುದಿಯಲ್ಲಿ ಬೆರಳಿಗೆ ಮೊದಲು ತಾಗಿದ ಕಲ್ಲನ್ನೇ ಎತ್ತಬೇಕು. ಕಲ್ಲಿಗೆ ಉದ್ದ, ಅಗಲ, ದಪ್ಪ ಅಂತ ಮೂರು ಅಳತೆ ಇರುತ್ತದಲ್ವಾ, ಅದರಲ್ಲಿ ನಡುವಿನದನ್ನು ಬರೆದುಕೊಳ್ಳಬೇಕು. ಹೀಗೆ ನೂರು ಕಲ್ಲು. 1954ರಲ್ಲಿ ಗಾರ್ಡನ್ ವುಲ್ಮನ್ ಎಂಬ ಅಮೆರಿಕದ ವಿಜ್ಞಾನಿ ಹೇಳಿಕೊಟ್ಟ ವಿಧಾನ ಇದು. ಇವತ್ತಿಗೂ ಹೊಳೆ ಓದುವವರು ಮೊದಲು ಕಲಿಯುವುದು ಇದನ್ನೇ. ತಳದಲ್ಲಿರುವ ಕಲ್ಲು ಎಷ್ಟು ದೊಡ್ಡದು ಅಂತ ಗೊತ್ತಾದರೆ, ಅದನ್ನು ಉರುಳಿಸಲು ಎಂಥ ನೆರೆ ಬೇಕು ಅಂತ ಲೆಕ್ಕ ಹಾಕಬಹುದು.

ನೀರು ಎಷ್ಟು ತಣ್ಣಗಿತ್ತು ಅಂದರೆ ಮೂವತ್ತನೇ ಕಲ್ಲಿನ ಹೊತ್ತಿಗೆ ಬೆರಳ ತುದಿ ಸತ್ತೇ ಹೋಗಿತ್ತು. ನೂರು ಮುಗಿಸಿ ಪಟ್ಟಿ ತೋರಿಸಿದೆ. ನಮ್ಮ ಮೇಡಂ ಒಂದು ನಿಮಿಷ ನೋಡಿ, ‘ಸಣ್ಣ ಕಲ್ಲುಗಳೆಲ್ಲ ಎಲ್ಲಿ ಹೋದವು?’ ಅಂತ ಕೇಳಿದರು. ಆಗ ತಿಳಿಯಿತು. ಕಣ್ಣು ನೋಡದಿದ್ದರೂ ಕೈ ಆರಿಸುತ್ತಿತ್ತು. ಹಿಡಿಯಲು ಚೆನ್ನಾಗಿ ಸಿಗುವ ಕಲ್ಲನ್ನು ಅದೇ ಹುಡುಕಿಕೊಂಡು ಹೋಗುತ್ತಿತ್ತು. ಮತ್ತೆ ಇಳಿದೆ. ಈ ಸಲ ಕಡಲೆಯಷ್ಟು ಕಲ್ಲು ತಾಗಿದರೂ ಬಿಡಲಿಲ್ಲ. ಎರಡು ಪಟ್ಟಿಗಳ ನಡುವಿನ ವ್ಯತ್ಯಾಸ ನೋಡಿದಾಗ, ನಾನು ಇಷ್ಟಪಟ್ಟದ್ದಕ್ಕೂ ಹೊಳೆಯಲ್ಲಿ ಇದ್ದದ್ದಕ್ಕೂ ಎಷ್ಟು ಅಂತರ ಅಂತ ಅರ್ಥವಾಯಿತು.

ಆ ರಾತ್ರಿ ಮನೆಗೆ ಫೋನ್ ಮಾಡಿದಾಗ ಅಪ್ಪಯ್ಯ ಕೇಳಿದರು, ‘ನಡುವಿನ ಅಳತೆಯೇ ಯಾಕೆ ಬೇಕು?’ ನಾನು ಉತ್ತರ ಹೇಳುವುದರೊಳಗೆ ಅವರೇ ಹೇಳಿದರು: ‘ಜರಡಿಯಲ್ಲಿ ಇಳಿಯುತ್ತೋ ಇಲ್ಲವೋ ಅನ್ನೋದು ಅದರ ಮೇಲೇ ಅಲ್ವಾ? ಉದ್ದ ಎಷ್ಟಿದ್ದರೂ ನೆಟ್ಟಗೆ ನಿಂತರೆ ಇಳಿದುಹೋಗುತ್ತೆ.’ ಅದೇ ಸರಿ ಉತ್ತರ. ಕ್ಲಾಸಿನಲ್ಲಿ ಇದನ್ನು ವಿವರಿಸಲು ಎರಡು ಚಿತ್ರ ಬೇಕಾಗಿತ್ತು. ಮರಳು ಜರಡಿ ಹಿಡಿದ ಕೈಗೆ ಚಿತ್ರ ಬೇಕಾಗಲಿಲ್ಲ.

ಈ ವಿಜ್ಞಾನಕ್ಕೂ ಬೇಸಾಯಕ್ಕೂ ಹಳೆಯ ನಂಟು ಇದೆ. ಎಡಿನ್‌ಬರೋದ ಜೇಮ್ಸ್ ಹಟನ್ 18ನೇ ಶತಮಾನದಲ್ಲಿ ಭೂಮಿಯ ವಯಸ್ಸಿನ ಬಗ್ಗೆ ಜನರ ಯೋಚನೆಯನ್ನೇ ಬದಲಿಸಿದವರು. ಅದಕ್ಕೂ ಮುಂಚೆ ವರ್ಷಗಟ್ಟಲೆ ಹೊಲ ಮಾಡಿದ್ದರು. ಹೊಲದ ಮಣ್ಣು ಮಳೆಯಲ್ಲಿ ಕೊಚ್ಚಿ ಸಮುದ್ರ ಸೇರುವುದನ್ನು ಕಣ್ಣಾರೆ ಕಂಡಿದ್ದರು. ಹೀಗೇ ಹೋಗುತ್ತಿದ್ದರೆ ನೆಲವೆಲ್ಲ ಮುಗಿಯಬೇಕಿತ್ತಲ್ಲ, ಹೊಸ ನೆಲ ಎಲ್ಲಿಂದ ಬರುತ್ತದೆ ಅಂತ ಕೇಳಿಕೊಂಡರು. ಜೂನ್ ತಿಂಗಳಲ್ಲಿ ತೋಟದ ಕಾಲುವೆಯಲ್ಲಿ ಕೆಂಪು ನೀರು ಹೋಗುವುದನ್ನು ನೋಡಿದವರಿಗೆ ಆ ಪ್ರಶ್ನೆಯ ತೂಕ ಗೊತ್ತಾಗುತ್ತದೆ.

ಆದರೆ ನನ್ನನ್ನು ಪೂರ್ತಿ ಸೆಳೆದುಕೊಂಡಿದ್ದು ಗ್ಲೆನ್ ರಾಯ್. ಫೋರ್ಟ್ ವಿಲಿಯಂ ಊರಿನ ಈಶಾನ್ಯಕ್ಕಿರುವ ಕಣಿವೆ. ಅಲ್ಲಿ ನಿಂತು ನೋಡಿದರೆ ಎರಡೂ ಕಡೆಯ ಗುಡ್ಡಗಳ ಮೈಮೇಲೆ ಮೂರು ಗೆರೆ ಕಾಣುತ್ತವೆ. ನೂಲು ಹಿಡಿದು ಎಳೆದಷ್ಟು ಸಮ. ಒಂದು ಸಮುದ್ರಮಟ್ಟದಿಂದ ಸುಮಾರು 260 ಮೀಟರ್ ಎತ್ತರದಲ್ಲಿ, ಇನ್ನೊಂದು 325, ಮೇಲಿನದು 350. ಗುಡ್ಡ ಎಲ್ಲಿ ತಿರುಗಿದರೂ ಗೆರೆ ಎತ್ತರ ಬಿಡದೆ ಜೊತೆಗೇ ತಿರುಗುತ್ತದೆ. ಹತ್ತಿರ ಹೋದರೆ ಗಾಡಿ ಹೋಗುವಷ್ಟು ಅಗಲದ ಮೆಟ್ಟು. ಹಳೆಯ ಕಾಲದವರು ರಾಜರು ಬೇಟೆಗೆ ಮಾಡಿಸಿದ ದಾರಿ ಅಂತ ನಂಬಿದ್ದರು. ಇವತ್ತಿಗೂ ಅದರ ಹೆಸರು ‘ಪ್ಯಾರಲಲ್ ರೋಡ್ಸ್’, ಅಂದರೆ ಸಮಾನಾಂತರ ರಸ್ತೆಗಳು.

1838ರಲ್ಲಿ ಚಾರ್ಲ್ಸ್ ಡಾರ್ವಿನ್ ಇಲ್ಲಿಗೆ ಬಂದರು. ಇವು ಹಳೆಯ ಸಮುದ್ರ ತೀರಗಳು, ನೆಲ ಮೇಲೆದ್ದು ಹೀಗಾಗಿದೆ ಅಂತ ಮರುವರ್ಷ ಬರೆದರು. 1840ರಲ್ಲಿ ಸ್ವಿಟ್ಜರ್ಲೆಂಡಿನ ಲೂಯಿ ಅಗಾಸಿ ಬಂದು ನೋಡಿ, ಹಿಮನದಿಯೊಂದು ಕಣಿವೆಯ ಬಾಯಿ ಕಟ್ಟಿದ್ದರಿಂದ ನಿಂತ ಕೆರೆಯ ದಡ ಇವು ಅಂದರು. ಕೊನೆಗೆ ಅಗಾಸಿ ಹೇಳಿದ್ದೇ ಸರಿಯಾಯಿತು. ಡಾರ್ವಿನ್ ವರ್ಷಗಳ ನಂತರ ತಮ್ಮದು ತಪ್ಪು ಅಂತ ಒಪ್ಪಿಕೊಂಡರು. ಅದಕ್ಕಾಗಿ ಅವರ ಮೇಲೆ ನನಗೆ ಗೌರವ ಹೆಚ್ಚಾಗಿದೆ.

ಮೂರೇ ಗೆರೆ ಯಾಕೆ ಅನ್ನೋದಕ್ಕೆ ಉತ್ತರ ನಮ್ಮ ಒಂದೇ ಶಬ್ದದಲ್ಲಿದೆ: ಕೋಡಿ. ಕೆರೆಯ ನೀರು ಎಷ್ಟು ಎತ್ತರಕ್ಕೆ ನಿಲ್ಲುತ್ತದೆ ಅನ್ನೋದನ್ನು ಏರಿ ಅಲ್ಲ, ಕೋಡಿ ತೀರ್ಮಾನ ಮಾಡುತ್ತದೆ. ಸುಮಾರು 12 ಸಾವಿರ ವರ್ಷಗಳ ಹಿಂದೆ ಹಿಮ ಮುಂದೆ ಮುಂದೆ ಬಂದ ಹಾಗೆ ತಗ್ಗಿನ ಕೋಡಿ ಮುಚ್ಚಿಹೋಯಿತು. ನೀರು ಏರಿ ಮುಂದಿನ ಕೋಡಿ ಹುಡುಕಿತು. ಅದೂ ಮುಚ್ಚಿದಾಗ ಇನ್ನೂ ಏರಿತು. 350 ಮೀಟರಿನ ಗೆರೆಯ ಕಾಲದಲ್ಲಿ ನೀರು ಕಣಿವೆಯ ತಲೆಯಿಂದಲೇ ಹಿಂದಕ್ಕೆ ಹೊರಳಿ ಸ್ಪೇ ನದಿಯ ಕಡೆ ಹೋಗುತ್ತಿತ್ತು. ಪ್ರತಿ ಕೋಡಿಯ ಮಟ್ಟದಲ್ಲಿ ನೀರು ನಿಂತಷ್ಟು ಕಾಲ ಅಲೆಯೂ ಮಂಜುಗಡ್ಡೆಯೂ ದಡವನ್ನು ಕೊರೆದವು. ಹಿಮ ಕರಗಿತು, ಕೆರೆ ಬರಿದಾಯಿತು, ಗೆರೆ ಉಳಿಯಿತು.

ಇದನ್ನು ಕೇಳುತ್ತ ಗಾಳಿಯಲ್ಲಿ ನಿಂತಿದ್ದಾಗ ನನ್ನ ಕಣ್ಣೆದುರು ಬಂದದ್ದು ಲಿಂಗನಮಕ್ಕಿ. ಬೇಸಿಗೆಯಲ್ಲಿ ಶರಾವತಿ ಹಿನ್ನೀರು ಇಳಿದಾಗ ನಡುಗಡ್ಡೆಗಳ ಕೆಂಪು ಮೈಮೇಲೆ ಸಾಲು ಸಾಲು ಗೆರೆ ಕಾಣುತ್ತವಲ್ಲ, ಅವೇ! ಮೇಲ್ಗಡೆ ಕಾಡು ಹಸಿರು, ಕೆಳಗೆ ಬೋಳು, ನಡುವೆ ಕತ್ತರಿಸಿದ ಹಾಗೆ ಒಂದೇ ಮಟ್ಟ. 1819 ಅಡಿ ಅಂದರೆ ಅಣೆಕಟ್ಟು ಪೂರ್ತಿ ತುಂಬಿದ ಮಟ್ಟ ಅಂತ ನಮ್ಮ ಕಡೆ ಮಕ್ಕಳಿಗೂ ಗೊತ್ತು. ಅಣೆಕಟ್ಟು ಮುಗಿದದ್ದು 1964ರಲ್ಲಿ. ಕೆಲವೇ ದಶಕಗಳಲ್ಲಿ ನೀರು ಇಷ್ಟು ಸ್ಪಷ್ಟವಾಗಿ ಗೀಚಿದೆ. ಲಾಂಚಿನಲ್ಲಿ ಕೂತು ಎಷ್ಟು ಸಲ ಆ ಗೆರೆ ನೋಡಿದ್ದೇನೆ. ಯಾರೂ ಅದನ್ನು ಪಾಠ ಅಂತ ತೋರಿಸಿರಲಿಲ್ಲ. ಕ್ಲಾಸಿನಲ್ಲಿ ಹಿನ್ನೀರಿನ ಫೋಟೊ ತೋರಿಸಿದೆ. ಎಲ್ಲರೂ ಫೋನನ್ನು ಕೈಯಿಂದ ಕೈಗೆ ದಾಟಿಸಿ ನೋಡಿದರು.

ಕೋರ್ಸಿನ ಕೊನೆಯ ಪ್ರವಾಸ ಬೇರೆ ಥರ ಇತ್ತು. ಅರ್ಗೈಲ್ ಕಡೆ ಹೋಗುವ ಎ83 ರಸ್ತೆಯಲ್ಲಿ ಒಂದು ಘಟ್ಟವಿದೆ. ಹೆಸರು ‘ರೆಸ್ಟ್ ಆ್ಯಂಡ್ ಬಿ ಥ್ಯಾಂಕ್‌ಫುಲ್’, ದಣಿವಾರಿಸಿಕೊಂಡು ಕೃತಜ್ಞರಾಗಿರಿ ಅಂತ. 18ನೇ ಶತಮಾನದಲ್ಲಿ ದಾರಿ ಮಾಡಿದ ಸೈನಿಕರು ಕಲ್ಲಿನಲ್ಲಿ ಹಾಗೆ ಬರೆದಿಟ್ಟರಂತೆ. ಈಗ ಆ ಗುಡ್ಡ ಮತ್ತೆ ಮತ್ತೆ ಜಾರುತ್ತದೆ. 2020ರ ಆಗಸ್ಟ್‌ನಲ್ಲಿ ಸಾವಿರಾರು ಟನ್ ಮಣ್ಣು, ಬಂಡೆ ರಸ್ತೆಗೆ ಇಳಿಯಿತು. ಕಡಿದಾದ ಬಂಡೆ, ಮೇಲೆ ತೆಳುವಾದ ಮಣ್ಣು, ಹಿಡಿದಿಡಲು ಮರಗಳೂ ಕಡಿಮೆ. ರಸ್ತೆಯ ಪಕ್ಕ ದೊಡ್ಡ ದೊಡ್ಡ ಹೊಂಡ ತೋಡಿದ್ದಾರೆ. ಮೇಲಿಂದ ಬಂದದ್ದು ರಸ್ತೆ ಮುಟ್ಟುವ ಮುಂಚೆ ಅಲ್ಲಿ ಬೀಳಲಿ ಅಂತ. ಮೇಲೆ ಉಕ್ಕಿನ ಬಲೆಗಳಿವೆ.

ಆ ಹೊಂಡದ ಅಂಚಿನಲ್ಲಿ ನಿಂತಾಗ ಶಿರೂರು ನೆನಪಾಗಿ ಮಾತೇ ಹೊರಡಲಿಲ್ಲ. 2024ರ ಜುಲೈ 16, ಅಂಕೋಲಾ ತಾಲ್ಲೂಕು. ಹೆದ್ದಾರಿಗಾಗಿ ಕಡಿದಿದ್ದ ಗುಡ್ಡ ಮಳೆಗೆ ಕುಸಿದು, ರಸ್ತೆ ಬದಿಯ ಅಂಗಡಿ, ಮನುಷ್ಯರು, ಲಾರಿ ಎಲ್ಲವನ್ನೂ ಎಳೆದುಕೊಂಡು ಗಂಗಾವಳಿಗೆ ಬಿತ್ತು. ಇಲ್ಲಿ ಹೊಂಡ ಇದೆ, ಬಲೆ ಇದೆ, ಮಳೆ ಜೋರಾದರೆ ಘಟ್ಟದ ರಸ್ತೆ ಬಿಟ್ಟು ಕಣಿವೆಯ ಹಳೇ ದಾರಿಯಲ್ಲಿ ವಾಹನ ಬಿಡುತ್ತಾರೆ. ಅಲ್ಲಿನ ಜನಕ್ಕೆ ಇದರಲ್ಲಿ ಒಂದಾದರೂ ಇರಬೇಕಿತ್ತು. ಈ ಸಂಕಟ ನನಗೆ ಇನ್ನೂ ಹೋಗಿಲ್ಲ.

ನಮ್ಮ ಗುಡ್ಡಗಳ ರೀತಿ ಇಲ್ಲಿಯದಕ್ಕಿಂತ ಬೇರೆ. ಮೇಲೆ ಜಂಬಿಟ್ಟಿಗೆ, ಕರಾವಳಿಯವರ ಮುರಕಲ್ಲು. ಇದಕ್ಕೆ ಲ್ಯಾಟರೈಟ್ ಅಂತ ಹೆಸರಿಟ್ಟವರು ಎಡಿನ್‌ಬರೋದಲ್ಲಿ ವೈದ್ಯ ಓದಿದ ಸ್ಕಾಟ್ಲೆಂಡಿನವರೇ, ಫ್ರಾನ್ಸಿಸ್ ಬುಕಾನನ್. 1800–01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸುತ್ತಿ, 1807ರಲ್ಲಿ ಬರೆದರು. ಇಟ್ಟಿಗೆಯ ಹಾಗೆ ಕಡಿದು ಗೋಡೆ ಕಟ್ಟುವುದನ್ನು ನೋಡಿ, ಲ್ಯಾಟಿನ್ನಿನ ಇಟ್ಟಿಗೆ ಅನ್ನುವ ಶಬ್ದದಿಂದ ಆ ಹೆಸರು ಮಾಡಿದರು. ನಮ್ಮವರ ಶಬ್ದದಲ್ಲೂ ಇಟ್ಟಿಗೆ ಇದೆ ನೋಡಿ. ಈ ಕಲ್ಲಿನ ತುಂಬಾ ತೂತು, ನೀರು ಸಲೀಸಾಗಿ ಇಳಿಯುತ್ತದೆ. ಅದರ ಕೆಳಗೆ ಶೇಡಿ ಮಣ್ಣು. ಗೋಡೆಗೆ ಬಳಿಯುತ್ತಿದ್ದರಲ್ಲ, ಆ ಬಿಳಿಚಿದ ನುಣ್ಣನೆ ಮಣ್ಣು. ಒಣಗಿದಾಗ ಗಟ್ಟಿ. ನೀರು ಕುಡಿದರೆ ಬೆಣ್ಣೆ. ಮೇಲಿಂದ ಇಳಿದ ನೀರು ಶೇಡಿಯ ಹತ್ತಿರ ತಡೆದು ನಿಲ್ಲುತ್ತದೆ. ಆ ಮಟ್ಟಕ್ಕಿಂತ ಕೆಳಗೆ ದರೆ ಕಡಿದರೆ ಮೇಲಿನ ಭಾರಕ್ಕೆ ಆಸರೆಯೇ ಇರುವುದಿಲ್ಲ.

ಇದನ್ನೆಲ್ಲ ಅಪ್ಪಯ್ಯನಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಕೊಟ್ಟಿಗೆ ಹಿಂದಿನ ದರೆಯಲ್ಲಿ ಶೇಡಿ ಕಾಣುತ್ತೆ. ಹೋದ ಮಳೆಗಾಲದಲ್ಲಿ ಅಲ್ಲಿಂದಲೇ ಒರತೆ ಬರುತ್ತಿತ್ತು’ ಅಂದರು. ಮೇಲೆ ಹತ್ತಿ ನೋಡಿದರೆ ದರೆಯ ತಲೆಯಿಂದ ಎರಡು ಮಾರು ಹಿಂದೆ ಒಂದು ಬಿರುಕೂ ಇತ್ತು.

ದನಗಳನ್ನು ಪಕ್ಕದ ಮನೆಯ ಕೊಟ್ಟಿಗೆಗೆ ಸಾಗಿಸಿದ್ದಾರೆ. ಗುಡ್ಡದ ನೀರು ಬಿರುಕಿಗೆ ಹೋಗದ ಹಾಗೆ ಮೇಲ್ಗಡೆ ಕಾಲುವೆ ತೋಡಿ ಪಕ್ಕಕ್ಕೆ ತಿರುಗಿಸಿದ್ದಾರೆ. ಬಿರುಕಿನ ಎರಡೂ ಕಡೆ ಒಂದೊಂದು ಗೂಟ ಹೊಡೆದು ನಡುವಿನ ದೂರ ಅಳೆಯಲು ನಾನು ಹೇಳಿದ್ದೆ. ಪ್ರತಿ ಭಾನುವಾರ ಮಾತು ಶುರುವಾಗುವುದೇ ಆ ಅಳತೆಯಿಂದ. ಹೋದ ವಾರ 42 ಸೆಂಟಿಮೀಟರ್ ಇತ್ತು. ಈ ವಾರವೂ 42.