ಉಲ್ಲನ್ ಕ್ರೋಮೋಸೋಮ್: 9 ಮತ್ತು 22 ಮುಗಿದವು

ಜುಲೈ 8, ಸೋಮವಾರಪೇಟೆ

ವಾರದಿಂದ ಬಿಡದ ಮಳೆ. ಉಲ್ಲನ್ ಉಂಡೆ ಮುಟ್ಟಿದರೆ ಹಸಿ ಹಸಿ. ಬುಟ್ಟಿಯನ್ನು ಒಲೆ ಪಕ್ಕ ಇಟ್ಟುಕೊಂಡೇ ಹೆಣೆಯುತ್ತಿದ್ದೇನೆ. ಹೆಣೆಯುತ್ತಿರುವುದು ಕ್ರೋಮೋಸೋಮ್‌ಗಳನ್ನು, ಅಂದರೆ ಜೀವಕೋಶದೊಳಗಿನ ಡಿಎನ್‌ಎ ಎಳೆಗಳನ್ನು. ಡಿಎನ್‌ಎಯ ಹತ್ತು ಲಕ್ಷ ಅಕ್ಷರಕ್ಕೆ 2 ಮಿಲಿಮೀಟರ್ ಅಂತ ಅಳತೆ ಇಟ್ಟುಕೊಂಡೆ. ಆ ಲೆಕ್ಕದಲ್ಲಿ 9ನೇ ಕ್ರೋಮೋಸೋಮ್ ಸುಮಾರು 28 ಸೆಂಟಿಮೀಟರ್, 22ನೆಯದು ಬರೀ 10. ನಮ್ಮ ಜೀವಕೋಶದಲ್ಲಿರುವ 23 ಜೋಡಿ, ಒಟ್ಟು 46 ಹೆಣೆಯುವ ಆಸೆ. ಆದರೆ ಮೊದಲು ಈ ಎರಡೇ ಆಗಬೇಕು. ಭಾವನಿಗೆ ಲುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್. ಅವರ ಮೂಳೆಮಜ್ಜೆ ರಿಪೋರ್ಟಿನಲ್ಲಿ ಮುರಿದು ಅದಲು ಬದಲಾಗಿವೆ ಅಂತ ಬಂದಿರುವುದು ಇವೇ.

ಜುಲೈ 15

ಇವತ್ತು ಪೂರ್ತಿ ಬಿಚ್ಚುವ ಕೆಲಸ. 9ನ್ನು ನಟ್ಟನಡುವೆ ತುಂಡು ಮಾಡಿ ಟಿಚ್ ಬಟನ್ ಹೊಲಿದಿದ್ದೆ. ತಪ್ಪು. ಅದು ಮುರಿಯುವುದು ಬಾಲದ ತುದಿಯಲ್ಲಿ, ನನ್ನ ಅಳತೆಗೆ ಒಂದೂವರೆ ಸೆಂಟಿಮೀಟರ್ ಅಷ್ಟೇ. 22 ಮಾತ್ರ ಅರ್ಧಕ್ಕಿಂತ ಜಾಸ್ತಿ ಕಳೆದುಕೊಳ್ಳುತ್ತದೆ. ತುದಿಗಳನ್ನು ಅದಲು ಬದಲು ಮಾಡಿ ಬಟನ್ ಒತ್ತಿದೆ. 9 ಉದ್ದವಾಯಿತು, 22 ನನ್ನ ಕಿರುಬೆರಳಿನಷ್ಟಾಯಿತು.

1960ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಪೀಟರ್ ನೋವೆಲ್, ಡೇವಿಡ್ ಹಂಗರ್‌ಫೋರ್ಡ್ ಎಂಬ ವಿಜ್ಞಾನಿಗಳು ಕಂಡಿದ್ದು ಈ ಮೋಟು 22ನ್ನೇ. ಕಾಣೆಯಾದ ತುಂಡು 9ರ ತುದಿಗೆ ಅಂಟಿಕೊಂಡಿದೆ ಅಂತ 1973ರಲ್ಲಿ ತೋರಿಸಿದವರು ವಿಜ್ಞಾನಿ ಜಾನೆಟ್ ರೌಲಿ. ಅವರೂ ಕ್ರೋಮೋಸೋಮ್ ಫೋಟೋಗಳನ್ನು ಕತ್ತರಿಸಿ ಮನೆಯ ಊಟದ ಮೇಜಿನ ಮೇಲೆ ಜೋಡಿಸುತ್ತಿದ್ದರಂತೆ. ಬಿಚ್ಚುವಾಗ ಅದನ್ನೇ ನೆನೆಸಿಕೊಂಡೆ.

ಮೋಟು 22ರ ಬೆಸುಗೆಯಲ್ಲಿ ಕೆಂಪು ದಾರ ಸುತ್ತಿದ್ದೇನೆ. ಬಿಸಿಆರ್, ಎಬಿಎಲ್ ಎಂಬ ಎರಡು ಜೀನ್ ಕೂಡಿಕೊಳ್ಳುವ ಜಾಗ ಅದು. ಅಲ್ಲಿಂದ ಹುಟ್ಟುವ ಪ್ರೋಟೀನು ಜೀವಕೋಶಕ್ಕೆ "ಬೆಳಿ, ಬೆಳಿ" ಅಂತ ಹೇಳುತ್ತಲೇ ಇರುತ್ತದೆ.

ಜುಲೈ 21

ಅಕ್ಕ ಬಂದಿದ್ದಳು. ಎರಡನ್ನೂ ಮಡಿಲಲ್ಲಿಟ್ಟುಕೊಂಡು ನೋಡಿದಳು. "ಇದು ಒಳ್ಳೇದಾ ಕೆಟ್ಟದ್ದಾ, ಅಷ್ಟು ಹೇಳೇ ಸಾಕು."

ಇದ್ದದ್ದು ಇದ್ದ ಹಾಗೆ ಹೇಳಿದೆ. ಭಾವನದು ಲಿಂಫೋಬ್ಲಾಸ್ಟಿಕ್ ಎಂಬ ಬಗೆಯ ಲುಕೇಮಿಯಾ. ದೊಡ್ಡವರಿಗೆ ಅದು ಬಂದಾಗ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಈ ಅದಲು ಬದಲು ಇರುತ್ತದೆ. ಹಿಂದೆ ತುಂಬಾ ಕೆಟ್ಟದ್ದು ಅಂತಲೇ ಎಣಿಸುತ್ತಿದ್ದರು. ಇಮ್ಯಾಟಿನಿಬ್ ತರಹದ ಮಾತ್ರೆಗಳು ಬಂದ ಮೇಲೆ ಆ ಲೆಕ್ಕ ಬದಲಾಯಿತು. ಅವು ಈ ಕೆಂಪು ಗಂಟಿನ ಪ್ರೋಟೀನನ್ನೇ ತಡೆಯುತ್ತವೆ. ಆದರೂ ಚಿಕಿತ್ಸೆಗೆ ರೋಗ ಎಷ್ಟು ಇಳಿಯಿತು ಅಂತ ಮತ್ತೆ ಮತ್ತೆ ನೋಡಲೇಬೇಕು. ಗುಣವಾಗಿಯೇ ಬಿಡುತ್ತದೆ ಅಂತ ಸುಮ್ನೆ ಮಾತು ಕೊಡಲಿಲ್ಲ. ಅವಳಿಗೂ ಅದು ಬೇಕಿರಲಿಲ್ಲ.

ಹೋಗುವಾಗ ಎರಡನ್ನೂ ಬ್ಯಾಗಿಗೆ ಹಾಕಿಕೊಂಡಳು. ಭಾವನಿಗೆ ತಾನೇ ಒತ್ತಿ ತೋರಿಸುತ್ತಾಳಂತೆ.

ಮುಂದಿನದು 15 ಮತ್ತು 17. ಇವು ಅದಲು ಬದಲಾದರೆ ಬರುವ ಲುಕೇಮಿಯಾ ರಕ್ತಸ್ರಾವದಿಂದ ಬೇಗ ಜೀವ ತೆಗೆಯುತ್ತಿತ್ತು. ಈಗ ಅಟ್ರಾ ಎಂಬ ಮಾತ್ರೆ, ಆರ್ಸೆನಿಕ್‌ನಿಂದ ಮಾಡಿದ ಔಷಧಿ ಸೇರಿಸಿ ಕೊಟ್ಟರೆ ಹೆಚ್ಚಿನವರು ಗುಣವಾಗುತ್ತಾರೆ. ಆಮೇಲೆ 7. ಮೈಲಾಯ್ಡ್ ಎಂಬ ಇನ್ನೊಂದು ಬಗೆಯ ಲುಕೇಮಿಯಾದಲ್ಲಿ ಜೋಡಿಯ ಒಂದು 7 ಪೂರ್ತಿ ಕಳೆದುಹೋಗಿದ್ದರೆ ದಾರಿ ಕಷ್ಟದ್ದು. ಅದನ್ನು ಜೋಡಿಯಿಲ್ಲದೆ ಒಂದೇ ಹೆಣೆಯಬೇಕು. ಹಳದಿ ಉಲ್ಲನ್ ಸಾಲದು, ಸಂತೆ ದಿನ ತರುತ್ತೇನೆ.