ಒಂದೇ ಸಾಲಿನ ಒಂದು ಚೀಟಿ

ಕ್ರೀಡೆಯಲ್ಲಿ ಮಹಿಳೆಯರ ಕುರಿತು ನಾವು ವಿದ್ಯಾರ್ಥಿಗಳು ಸೇರಿ ಮಾಡಿದ ಸಾಕ್ಷ್ಯಚಿತ್ರವನ್ನು ನೋಡಿದವರ ಅಭಿಪ್ರಾಯದ ಚೀಟಿಗಳನ್ನು ನಿನ್ನೆಯಿಂದ ಓದುತ್ತಿದ್ದೇನೆ. ‘ಚೆನ್ನಾಗಿದೆ’ ಎಂದು ಬರೆದವರೇ ಹೆಚ್ಚು. ಓದಿ ಸಂತೋಷವಾಯಿತು, ನಿಜ. ಆದರೆ ಸಂಕಲನಕ್ಕೆ ಮತ್ತೆ ಕುಳಿತಾಗ ಆ ಮಾತು ದಾರಿ ತೋರಿಸುವುದಿಲ್ಲ.

ಕೆಲವರು ಒಂದೇ ಜಾಗದಲ್ಲಿ ಎಡವಿದ್ದಾರೆ. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ 800 ಮೀಟರ್ ಓಟವಿತ್ತು, ಆಮೇಲೆ ಅದನ್ನು ಕೈಬಿಟ್ಟರು, ಮತ್ತೆ ಬಂದದ್ದು 1960ರಲ್ಲಿ. ಇಷ್ಟು ಹೇಳಿ ನಮ್ಮ ಚಿತ್ರ ಮುಂದಕ್ಕೆ ಓಡುತ್ತದೆ. ‘ಏಕೆ ಕೈಬಿಟ್ಟರು?’ ಎಂದು ಅವರು ಕೇಳಿದ್ದಾರೆ. ಓಡಿದವರು ಕುಸಿದು ಬಿದ್ದರೆಂದು ಪತ್ರಿಕೆಗಳು ಉತ್ಪ್ರೇಕ್ಷಿಸಿ ಬರೆದವು. ಹೆಣ್ಣಿನ ದೇಹ ಇಷ್ಟು ದೂರವನ್ನು ತಾಳದು ಎಂಬ ವಾದಕ್ಕೆ ಅದೇ ಆಧಾರವಾಯಿತು. ಓಟದ ಕೊನೆಯಲ್ಲಿ ಗಂಡಸರೂ ನೆಲಕ್ಕೆ ಒರಗುತ್ತಾರಲ್ಲ! ಇದನ್ನು ಚಿತ್ರದಲ್ಲಿ ಬಿಡಿಸಿ ಹೇಳಲೇಬೇಕಿತ್ತು.

ಸಂಗೀತ ಜೋರಾಯಿತೆಂಬ ದೂರನ್ನು ಒಪ್ಪಿದ್ದೇವೆ.

ನನ್ನ ನಿದ್ದೆ ಕೆಡಿಸಿದ್ದು ಬೇರೆಯೇ ಚೀಟಿ: ‘ಆಟಗಾರ್ತಿಯರಿಗಿಂತ ಅವರ ತರಬೇತುದಾರರೇ ಹೆಚ್ಚು ಮಾತನಾಡಿದ್ದಾರೆ.’ ಮೊದಲು ಕೋಪ ಬಂತು. ಬಳಿಕ ಗಡಿಯಾರ ಹಿಡಿದು ಚಿತ್ರವನ್ನು ಮತ್ತೆ ನೋಡಿದೆ. ಬರೆದವರು ಹೇಳಿದ್ದೇ ಸರಿ. ಮೆಚ್ಚುಗೆಯ ಅಷ್ಟೂ ಚೀಟಿಗಳಿಗಿಂತ ಈ ಒಂದು ಸಾಲಿಗೆ ನಾನು ಹೆಚ್ಚು ತೂಕ ಕೊಡುತ್ತೇನೆ. ಬಳಸದೆ ಬಿಟ್ಟ ಸಂದರ್ಶನಗಳಲ್ಲಿ ಆ ಹುಡುಗಿಯರ ಮಾತು ಇನ್ನೂ ಹಾಗೆಯೇ ಇದೆ. ನಾಳೆ ಬೆಳಿಗ್ಗೆ ಅಲ್ಲಿಂದಲೇ ಸಂಕಲನ ಶುರುಮಾಡುತ್ತೇವೆ.